ಗಾಜಿನ ಸಂದಿಗೆ ಗಾಳೆಮ್ಮ ಹಾಕಿದ ಮೇಣ

ನಮ್ಮವರ ಮಡಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟಿದೆ. ಹೊಸಪೇಟೆಯ ವೈಷ್ಣವರ ಬೀದಿಯಲ್ಲೇ ಹುಟ್ಟಿ, ಅಲ್ಲೇ ಉಂಡು ಬೆಳೆದವನಾದ್ದರಿಂದ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇದೆ ಎಂದುಕೊಂಡಿದ್ದೇನೆ. ಜಿಂಕೆಯ ಚರ್ಮದ ಮೇಲೆ ಕೂತು ಜಪ ಮಾಡುವ ಹಿರಿಯರು ಹಂಪಿಯ ಆಚೆ ತಳವಾರಘಟ್ಟದಲ್ಲಿ ಹೊಳೆ ದಾಟಬೇಕಾದಾಗ ಎತ್ತಿನ ತೊಗಲಿನ ಹರಿಗೋಲು ಕಂಡರೆ ಹೌಹಾರುತ್ತಿದ್ದರು. ಹೊಳೆಯ ನಡುಗಡ್ಡೆಯಲ್ಲಿ ಯತಿಗಳ ವೃಂದಾವನಗಳಿವೆ, ಹೋಗದೆ ಇರುವಂತಿಲ್ಲ. ಹರಿಗೋಲು ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. ಹಾಗಾಗಿ ತೊಗಲಿನ ಮೇಲೆ ಹಲಗೆ, ಹಲಗೆಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ದರ್ಭೆ ಹಾಸಿ, ಮೈ ಮುದುಡಿಕೊಂಡು ಕೂತು ದಾಟಿ, ಅಲ್ಲಿ ಮತ್ತೆ ಮುಳುಗು ಹಾಕಿ ಶುದ್ಧವಾಗುತ್ತಿದ್ದರು. ಅಷ್ಟು ಹೊತ್ತೂ ತಮ್ಮನ್ನು ನೀರುಪಾಲಾಗದಂತೆ ಹೊತ್ತದ್ದು ಆ ತೊಗಲೇ ಎಂಬುದು ಅವರ ತಲೆಗೆ ಹೋಗುತ್ತಿರಲಿಲ್ಲ.

ಆ ತೊಗಲಿನ ಹೊಲಿಗೆಗಳಿಗೆ ಮೇಣ ತುಂಬುತ್ತಿದ್ದವಳು ಗಾಳೆಮ್ಮ. ಕಂಪ್ಲಿಯ ಅಂಬಿಗರ ಮನೆಯ ಹೆಣ್ಣುಮಗಳು. ತಳವಾರಘಟ್ಟದ ಎರ್ರಿಯಪ್ಪನಿಗೆ ಕೊಟ್ಟಿದ್ದರು. ತೊಗಲು ಹದ ಮಾಡಿ ಹೊಲಿಯುವವರು ಬೇರೆ, ಬಿದಿರು ಹೆಣೆಯುವವರು ಬೇರೆ, ಹುಟ್ಟು ಹಾಕಿ ನಡೆಸುವವರು ಬೇರೆ. ಹೊಲಿಗೆಯ ತೂತುಗಳಲ್ಲಿ ನೀರು ಬರದಂತೆ ಮಾಡುವ ಕೆಲಸ ಅತ್ತೆಯಿಂದ ಅವಳ ಕೈಗೆ ಬಂದಿತ್ತು. ರಾಳವನ್ನು ಕುಟ್ಟಿ ಪುಡಿ ಮಾಡಿ ಔಡಲೆಣ್ಣೆಯಲ್ಲಿ ಕರಗಿಸಿ, ಅದಕ್ಕೆ ಎತ್ತಿನ ಕೊಬ್ಬು ಕೂಡಿಸಿ, ಕೊನೆಗೆ ಒಂದಿಷ್ಟು ಸುಣ್ಣ ಬೆರೆಸಿ, ಬಿಸಿಯಿರುವಾಗಲೇ ಹೆಬ್ಬೆರಳಿನಿಂದ ಒತ್ತಬೇಕು. ಅವಳ ಹೆಬ್ಬೆರಳಿನ ಉಗುರು ಕರಿ ಹುಣಸೆಬೀಜದಂತೆ ದಪ್ಪಗಾಗಿತ್ತು. ಮಕ್ಕಳಾಗಲಿಲ್ಲ. ಬಾಯಿ ಸ್ವಲ್ಪ ಜೋರು, ಹೊಗೆಸೊಪ್ಪಿನ ಚಟ ಇತ್ತು, ಯಾರ ಮುಲಾಜಿಗೂ ಬೀಳುವವಳಲ್ಲ.

ಆ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಮೇಣ ಹಾಕಿದ ಮೇಲೆ, ಹರಿಗೋಲು ನೀರಿಗೆ ಇಳಿಯುವ ಮೊದಲು, ಮೇಣ ಹಾಕಿದವಳು ಮತ್ತು ನಡೆಸುವವನು ಇಬ್ಬರೂ ಹೊಲಿಗೆಯ ಮೇಲೆ ಕೈ ಇಡಬೇಕು. ಅದರಲ್ಲಿ ಏನೇನು ಹಾಕಿದ್ದೇನೆ ಎಂದು ಅವಳು ಬಾಯಿಬಿಟ್ಟು ಹೇಳಬೇಕು. ಕೊಬ್ಬು ಹಳೆಯದಾಗಿದ್ದರೆ ಹಳೆಯದು ಎನ್ನಬೇಕು, ರಾಳ ಸಾಲದೆ ಬಂದಿದ್ದರೆ ಸಾಲಲಿಲ್ಲ ಎನ್ನಬೇಕು. ಯಾವ ಮೇಣ ಬಿಸಿಲಿಗೆ ಎಷ್ಟು ತಾಳುತ್ತದೆ ಎಂದು ತಿಳಿಯದೆ ಯಾರೂ ನಡುನೀರಿಗೆ ಹೋಗುತ್ತಿರಲಿಲ್ಲ. ದೇವರ ಮುಂದೆ ಸುಳ್ಳು ಹೇಳಿದವರು ಅಂಬಿಗರ ಓಣಿಯಲ್ಲಿ ಬೇಕಾದಷ್ಟು ಜನ ಇದ್ದರು. ಹೊಲಿಗೆಯ ಮೇಲೆ ಕೈಯಿಟ್ಟು ಸುಳ್ಳು ಹೇಳಿದ ಹೆಂಗಸಿನ ಹೆಸರನ್ನು ನಾನಂತೂ ಕೇಳಿಲ್ಲ.

ಸಾವಿರದ ಒಂಬೈನೂರ ಮೂವತ್ತರ ನಂತರದ ಒಂದು ವರ್ಷ ಹೊಳೆಗೆ ದೊಡ್ಡ ನೀರು ಬಂದಾಗ ಎರ್ರಿಯಪ್ಪನ ಹರಿಗೋಲು ಬಂಡೆಗೆ ಬಡಿಯಿತು. ಮಂದಿಯನ್ನೆಲ್ಲ ದಡ ಸೇರಿಸಿದ, ಆದರೆ ಅವನ ಬಲಗಡೆಯ ಭುಜದ ಕೀಲು ಹೋಯಿತು. ನಾಟಿ ವೈದ್ಯ ಕಟ್ಟು ಕಟ್ಟಿದ, ಕೀಲು ಕೂಡಲಿಲ್ಲ. ಹುಟ್ಟು ಹಾಕಲಾಗದ ಅಂಬಿಗನಿಗೆ ಹೊಳೆಯ ದಂಡೆಯಲ್ಲಿ ಏನು ಕೆಲಸ? ಹುಣಸೆಮರದ ಕೆಳಗೆ ಕೂತು ಬೇರೆಯವರ ಹರಿಗೋಲು ಹೋಗಿ ಬರುವುದನ್ನು ನೋಡುತ್ತಿದ್ದ. ಊಟ ಬಿಟ್ಟ, ಮಾತು ಬಿಟ್ಟ. ಒಂದು ಸಲ ಕುತ್ತಿಗೆಯ ಮಟ್ಟದ ನೀರಿಗೆ ಹೋಗಿ ಸುಮ್ಮನೆ ನಿಂತಿದ್ದನಂತೆ; ಗಾಳೆಮ್ಮ ಕೂದಲು ಹಿಡಿದು ಎಳೆದು ತಂದಳು. ಆಮೇಲೆ ಅವಳು ಅವನನ್ನು ಒಬ್ಬನೇ ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಅಂಥ ಹೊತ್ತಿನಲ್ಲಿ ಲಾಂಚು ಬಂತು. ತಂದವರು ನಮ್ಮ ಬೀದಿಯ ವಕೀಲ ಕಮಲಾಕರರಾಯರು. ಅವರ ತಾಯಿ ಗೋದಾಬಾಯಿಯವರಿಗೆ ವಯಸ್ಸಾಗಿತ್ತು. ತೊಗಲು ಮುಟ್ಟದೆ ಒಂದು ಸಲವಾದರೂ ವೃಂದಾವನಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದರು. ರಾಯರು ಕರಾವಳಿಯ ಯಾವುದೋ ಬಂದರಿನಲ್ಲಿ ಹರಾಜಿಗೆ ಬಂದ ಹಳೆಯ ಮರದ ಮೋಟರ್ ದೋಣಿಯನ್ನು ಕೊಂಡು, ರೈಲಿನಲ್ಲಿ ಹೊಸಪೇಟೆಗೆ ತರಿಸಿ, ಎರಡು ಬಂಡಿಗಳ ಮೇಲೆ ಹೇರಿಸಿ ಘಟ್ಟಕ್ಕೆ ಮುಟ್ಟಿಸಿದರು. ಮಗನ ಮಾತೃಭಕ್ತಿ ಊರಿಗೆಲ್ಲ ಕಾಣಲಿ ಎಂಬ ಆಸೆಯೂ ಇತ್ತು ಎನ್ನಿ. ಮರಕ್ಕೆ ಹೊಸ ಬಣ್ಣ ಬಳಿದು, ಪಂಚಗವ್ಯ ಪ್ರೋಕ್ಷಿಸಿ, ಹೂವಿನ ಹಾರ ಹಾಕಿದರು. ಯಂತ್ರ ನೋಡಿಕೊಳ್ಳಲು ಗುಂತಕಲ್ಲಿನಿಂದ ಒಬ್ಬ ಫಿಟರ್ ಬಂದ. ನೀರಿನೊಳಗಿನ ಬಂಡೆ ಯಾವುದು ಎಲ್ಲಿದೆ ಎಂದು ಬಲ್ಲ ಒಬ್ಬ ಅಂಬಿಗ ಚಕ್ರ ಹಿಡಿಯಲು ಬೇಕಿತ್ತು. ಚಕ್ರ ತಿರುಗಿಸಲು ಒಂದು ಕೈ ಸಾಕು. ಗಾಳೆಮ್ಮ ರಾಯರ ಮನೆಯ ಅಂಗಳದವರೆಗೂ ಹೋಗಿ ನಿಂತು ಕೇಳಿಕೊಂಡಳು. ಆ ಕೆಲಸ ಎರ್ರಿಯಪ್ಪನಿಗೆ ಸಿಕ್ಕಿತು. ಮತ್ತೆ ಹೊಳೆಗೆ ಇಳಿದ ದಿನ ಅವನು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದದ್ದನ್ನು ಅವಳು ಬಹಳ ವರ್ಷಗಳ ನಂತರವೂ ಹೇಳುತ್ತಿದ್ದಳು.

ಲಾಂಚಿನ ಮುಂಭಾಗದಲ್ಲಿ ಗಾಳಿ ತಡೆಯಲು ಅಡ್ಡಲಾಗಿ ಒಂದು ದೊಡ್ಡ ಗಾಜು ಇತ್ತು. ಗೋದಾಬಾಯಿ ಮಡಿಸೀರೆ ಉಟ್ಟು, ನೈವೇದ್ಯದ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಆ ಗಾಜಿನ ಹಿಂದೆಯೇ ಕೂಡುತ್ತಿದ್ದರು. ದೋಣಿ ಸೆಳವಿಗೆ ಎದುರಾಗಿ ಹೋಗುವಾಗ ನೀರು ಗಾಜಿಗೆ ರಾಚಿ, ಗಾಜಿಗೂ ಮರದ ಚೌಕಟ್ಟಿಗೂ ನಡುವಿನ ಸಂದಿಯಿಂದ ಒಳಗೆ ಸೋರಿ, ನೇರವಾಗಿ ಪಾತ್ರೆಯ ಮೇಲೆ ಬೀಳುತ್ತಿತ್ತು. ನೀರು ಹೊಳೆಯದೇ, ಸರಿ. ಆದರೆ ಬಂದರಿನಲ್ಲಿ ಯಾರು ಯಾರು ಮುಟ್ಟಿದ ಮರವೋ ಏನೋ. ಅದನ್ನು ತೊಳೆದು ಬಂದ ನೀರು ನೈವೇದ್ಯಕ್ಕೆ ಬಿದ್ದರೆ ಗತಿಯೇನು? ಬಡಗಿ ಬಂದು ಸೀಮೆಸುಣ್ಣಕ್ಕೆ ಅಗಸೆ ಎಣ್ಣೆ ಕಲಸಿ ಮೆತ್ತಿದ. ಯಂತ್ರದ ನಡುಕಕ್ಕೆ ಅದು ಬಿರುಕು ಬಿಟ್ಟು ಉದುರಿತು. ರಾಯರು ಕಚೇರಿಯಲ್ಲಿ ಮೊಹರು ಮಾಡುವ ಅರಗನ್ನು ತಾವೇ ಕರಗಿಸಿ ಸುರಿದರು. ದಸ್ತಾವೇಜಿಗೆ ಹಿಡಿಯುವ ಅರಗು ಹೊಳೆಗೆ ಹಿಡಿಯಲಿಲ್ಲ. ಸೋರುವ ದೋಣಿ ತಮಗೆ ಬೇಡ, ಮಾರಿಬಿಡು ಎಂದು ಗೋದಾಬಾಯಿ ಮಗನಿಗೆ ಹೇಳಿದರು. ಲಾಂಚು ಹೋದರೆ ಎರ್ರಿಯಪ್ಪ ಮತ್ತೆ ಹುಣಸೆಮರದ ಕೆಳಗೆ ಹೋಗಿ ಕೂಡಬೇಕು. ಗಾಳೆಮ್ಮ ತಾನಾಗಿಯೇ ಹೋಗಿ, ಆ ಸಂದಿಯನ್ನು ತಾನು ಮುಚ್ಚುತ್ತೇನೆ ಎಂದಳು.

ಕಸುಬಿನ ಕಟ್ಟಳೆಯಂತೆ ಅವಳು ಮೊದಲೇ ಬಾಯಿಬಿಟ್ಟಳು. ಗಂಡ ಪಕ್ಕದಲ್ಲಿ ನಿಂತಿದ್ದ, ರಾಯರು ಘಟ್ಟದ ಮೇಲಿನ ಮೆಟ್ಟಿಲಲ್ಲಿದ್ದರು.

"ಕೊಬ್ಬು ಇಲ್ಲದ ಇದು ನಿಲ್ಲಂಗಿಲ್ರಿ ರಾಯರ. ಬರೇ ರಾಳ ಹಾಕಿದ್ರ ಎಂಜಿನ್ನು ನಡುಗಿದಂಗ ನಡುಗಿದಂಗ ಬಿರೀತೈತಿ. ಹಾಕು ಅಂದ್ರ ಹಾಕ್ತೀನಿ, ಬ್ಯಾಡ ಅಂದ್ರ ಮನಿಗೆ ಹೋಗ್ತೀನಿ."

ರಾಯರು ಸುತ್ತ ಒಮ್ಮೆ ನೋಡಿದರು. ಬೇರೆ ಯಾರೂ ಇರಲಿಲ್ಲ.

"ನೀ ಏನ್ ಹಾಕ್ತಿ ಅನ್ನೋದು ನನಗ ಬ್ಯಾಡ. ಹೇಳಲೂ ಬ್ಯಾಡ. ಸೋರಬಾರದು, ಅಷ್ಟ."

ಕೋರ್ಟಿನಲ್ಲಿ ಸಾಕ್ಷಿಗಳ ಬಾಯಿಂದ ನಿಜ ಹೊರಡಿಸಿ ಹೆಸರು ಮಾಡಿದ ಮನುಷ್ಯ, ನಿಜ ತಾನಾಗಿ ಬಂದು ಎದುರಿಗೆ ನಿಂತಾಗ ಮುಖ ತಿರುಗಿಸಿಕೊಂಡು ಹೋದ. ಬೇಡ ಎಂದಿದ್ದರೆ ಲಾಂಚು ಹೋಗುತ್ತಿತ್ತು, ಹಾಕು ಎಂದಿದ್ದರೆ ಮಡಿ ಹೋಗುತ್ತಿತ್ತು. ಎರಡೂ ಉಳಿಯಬೇಕು, ಪಾಪ ಮಾತ್ರ ಬೇರೆಯವರ ಹೆಗಲಿಗೆ ಇರಬೇಕು. ಇಂಥ ಜಾಣತನಕ್ಕೆ ನಮ್ಮಲ್ಲಿ ವ್ಯವಹಾರಜ್ಞಾನ ಎನ್ನುತ್ತಾರೆ.

ಗಾಳೆಮ್ಮ ಹಳೆಯ ಅರಗನ್ನೆಲ್ಲ ಕೆರೆದು ತೆಗೆದಳು. ಚೌಕಟ್ಟು ಚೆನ್ನಾಗಿ ಒಣಗುವ ತನಕ ಬಿಸಿಲಿಗೆ ಬಿಟ್ಟಳು. ಹಳೆಯ ಬಟ್ಟೆಯನ್ನು ಬತ್ತಿ ಹೊಸೆದು ಮೇಣದಲ್ಲಿ ಅದ್ದಿ, ಮೊಂಡ ಕುಡುಗೋಲಿನ ತುದಿಯಿಂದ ಸಂದಿಯೊಳಗೆ ತುರುಕಿ, ಮೇಲೆ ಬಿಸಿ ಮೇಣವನ್ನು ಬೆರಳಿನಿಂದ ಎಳೆದಳು. ಹರಿಗೋಲಿಗಾದರೆ ಕೊನೆಗೆ ಬೇವಿನೆಣ್ಣೆ ಸವರುವುದು ರೂಢಿ. ಕೊಬ್ಬಿಗೆ ಕಾಗೆ, ಇಲಿ ಬಾಯಿ ಹಾಕಬಾರದು ಎಂದು. ಇಲ್ಲಿ ಅವಳು ಬೇವಿನೆಣ್ಣೆ ಹಚ್ಚಲಿಲ್ಲ. ಗಾಜಿನ ಹಿಂದೆಯೇ ಮುದುಕಿ ಕೂಡುತ್ತಾರೆ, ಆ ವಾಸನೆಗೆ ಅವರಿಗೆ ಕಸಿವಿಸಿಯಾದೀತು ಎಂದುಕೊಂಡಳು. ಯಾರ ಮುಲಾಜೂ ಇಟ್ಟುಕೊಳ್ಳದವಳು ಜೀವನದಲ್ಲಿ ಒಂದು ಸಲ ಇಟ್ಟುಕೊಂಡ ಆ ಮುಲಾಜೇ ಅವಳಿಗೆ ಮುಳುವಾಯಿತು.

ಕೆಲಸ ಮುಗಿದ ಮೇಲೆ ರಾಯರಂತೂ ಕೇಳಲೊಲ್ಲೆ ಎಂದಿದ್ದರು; ನಡೆಸುವವನು ಕೇಳಲೇಬೇಕಲ್ಲ. ಗಂಡನನ್ನು ಕರೆದು ಗಾಜಿನ ಅಂಚಿನ ಮೇಲೆ ಅವನ ಕೈ ಇಡಿಸಿ, ತಾನೂ ಕೈಯಿಟ್ಟು, ರಾಳ, ಔಡಲೆಣ್ಣೆ, ಎತ್ತಿನ ಕೊಬ್ಬು, ಸುಣ್ಣ ಎಂದು ಒಂದೊಂದೇ ಹೇಳಿದಳು. ಅವನು ಹೂಂ ಎಂದ.

ಚಳಿಗಾಲವಿಡೀ ಒಂದು ಹನಿ ಒಳಗೆ ಬರಲಿಲ್ಲ. ಮಡಿಯವರು ಊರೂರಿಂದ ಬಂದರು. ರಾಯರ ಲಾಂಚು ಎಂದು ಹೆಸರಾಯಿತು. ಕರ್ಪೂರ, ಗಂಧ, ಹೂವಿನ ವಾಸನೆಯ ನಡುವೆ ಮೇಣದ ವಾಸನೆ ಯಾರ ಮೂಗಿಗೂ ಬಡಿಯಲಿಲ್ಲ. ಗೋದಾಬಾಯಿ ಖುಷಿಯಾಗಿ ಗಾಳೆಮ್ಮನಿಗೆ ಒಂದು ಸೀರೆ ಕೊಟ್ಟರು, ಅಂದರೆ ಮೇಲಿನಿಂದ ಅವಳ ಸೆರಗಿಗೆ ಹಾಕಿದರು. ಎರ್ರಿಯಪ್ಪ ತಲೆಗೆ ಹೊಸ ರುಮಾಲು ಸುತ್ತಿ ಚಕ್ರದ ಹಿಂದೆ ನಿಂತರೆ ಹಳೆಯ ಜೊತೆಯವರು ದೂರದಿಂದ ಕೈಯೆತ್ತುತ್ತಿದ್ದರು. ಗಂಡ ಮನುಷ್ಯನಾದ ಎಂದು ಗಾಳೆಮ್ಮ ಹಿಗ್ಗಿದಳು.

ಬಿಸಿಲು ಏರತೊಡಗಿದಾಗ ಗಾಜಿನ ಅಂಚಿನ ಕೊಬ್ಬು ಮೆತ್ತಗಾಯಿತು. ಒಂದು ಆರಾಧನೆಯ ದಿನ ಲಾಂಚು ತುಂಬ ಜನ ಕೂತು, ಹೊರಡಲು ಫಿಟರನ ದಾರಿ ಕಾಯುತ್ತಿದ್ದರು. ಒಂದು ಕಾಗೆ ಬಂದು ಗಾಜಿನ ಮೇಲೆ ಕೂತು ಅಂಚನ್ನು ಕುಕ್ಕತೊಡಗಿತು. ಗೋದಾಬಾಯಿಯವರ ಕಣ್ಣಲ್ಲಿ ನೀರು ಬಂತು. ಯಜಮಾನರು ಬಂದಿದ್ದಾರೆ ಎಂದರು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಪ್ರತಿ ಶ್ರಾದ್ಧದಲ್ಲೂ ಕಾಗೆ ಪಿಂಡ ಮುಟ್ಟಲು ಸತಾಯಿಸುತ್ತಿತ್ತಂತೆ. ಈಗ ತಾನಾಗಿ ಬಂದಿದೆ ಎಂದು ನೈವೇದ್ಯದಿಂದ ಬೇರೆಯಾಗಿಟ್ಟಿದ್ದ ಅನ್ನದಲ್ಲಿ ಒಂದು ಹಿಡಿ ತೆಗೆದು ಗಾಜಿನ ಬುಡದಲ್ಲಿಟ್ಟು ಕೈಮುಗಿದರು. ಕಾಗೆ ಅನ್ನದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಇನ್ನೆರಡು ಕಾಗೆಗಳು ಬಂದವು. ಮೂರೂ ಸೇರಿ ಅಂಚನ್ನು ಕಿತ್ತು ಕಿತ್ತು ತಿನ್ನತೊಡಗಿದವು. ಹಿಂದೆ ಕೂತಿದ್ದ ಒಬ್ಬ ಆಚಾರ್ಯರು ಎದ್ದುಬಂದು, ಕಿತ್ತುಬಿದ್ದ ಚೂರನ್ನು ಬೆರಳಿಂದ ಒತ್ತಿ ಮೂಸಿದರು. ಅವರ ಮುಖ ನೋಡಿದವರಿಗೆ ಬಾಯಿಂದ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಎಲ್ಲರೂ ಉಟ್ಟ ಬಟ್ಟೆಯಲ್ಲೇ ಹೊಳೆಗೆ ಹಾರಿದರು. ಗೋದಾಬಾಯಿಯವರನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು, ಅವರು ಅಳುತ್ತಿದ್ದರು. ಆ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ, ಕನಿಕರವೇ ಇದೆ. ಅವರಿಗೆ ಮೋಸವಾದದ್ದು ನಿಜ, ಆದರೆ ಮಾಡಿದವರು ಯಾರೆಂದು ಅವರಿಗೆ ಕೊನೆಯ ತನಕ ಗೊತ್ತಾಗಲಿಲ್ಲ.

ಸುದ್ದಿ ತಿಳಿದು ರಾಯರು ಬಂದರು. ಮಂದಿ ಸೇರುವ ಮೊದಲು ಎರ್ರಿಯಪ್ಪ, ಗಾಳೆಮ್ಮ ಇಬ್ಬರನ್ನೂ ದಂಡೆಯ ಮಂಟಪದ ಹಿಂದಕ್ಕೆ ಕರೆದೊಯ್ದು ಮೆಲ್ಲಗೆ ಮಾತಾಡಿದರು. ರಾಯರು ಬೇಡವೆಂದರೂ ಕೇಳದೆ ತಾನೇ ಕದ್ದು ಕೊಬ್ಬು ಹಾಕಿದೆ ಎಂದು ಗಾಳೆಮ್ಮ ಎಲ್ಲರೆದುರು ಒಪ್ಪಿಕೊಳ್ಳಬೇಕು. ಗಂಡನಿಗೂ ಗೊತ್ತಿರಲಿಲ್ಲ ಎನ್ನಬೇಕು. ಹಾಗಾದರೆ ದೋಣಿಯನ್ನು ಮತ್ತೆ ಶುದ್ಧಿ ಮಾಡಿಸಿ ನಡೆಸಬಹುದು, ಎರ್ರಿಯಪ್ಪ ಚಕ್ರ ಹಿಡಿದುಕೊಂಡಿರಬಹುದು. ಇಲ್ಲದಿದ್ದರೆ ಲಾಂಚನ್ನು ನಾಳೆಯೇ ಮಾರುವುದು. ಎರ್ರಿಯಪ್ಪ ನೆಟ್ಟಗೆ ಹೊಳೆಯ ಕಡೆ ನೋಡಿದ. ಗಾಳೆಮ್ಮನಿಗೆ ಅವನು ಕುತ್ತಿಗೆಯ ಮಟ್ಟದ ನೀರಿನಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು.

ಅವಳು ಮೆಟ್ಟಿಲ ಮೇಲೆ ನಿಂತು, ರಾಯರು ಹೇಳಿಕೊಟ್ಟದ್ದನ್ನೆಲ್ಲ ಹಾಗೆ ಹಾಗೆಯೇ ಹೇಳಿದಳು. ಏಕೆ ಹೀಗೆ ಮಾಡಿದೆ ಎಂದು ಆ ಆಚಾರ್ಯರು ಕೇಳಿದರು. ಅದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಕೊಬ್ಬಿಲ್ಲದೆ ಮೇಣ ಮಾಡಲು ತನಗೆ ಬರುವುದಿಲ್ಲ ಎಂದಳು. ಅಷ್ಟೂ ಮಾತಿನಲ್ಲಿ ಅದೊಂದೇ ನಿಜ. ಮಂದಿ ಬಾಯಿಗೆ ಬಂದದ್ದು ಬೈದರು. ಇನ್ನು ಮುಂದೆ ಹುಣಸೆಮರದಿಂದ ಈಚೆ ಕಾಲಿಡಬಾರದು ಎಂದು ಅಪ್ಪಣೆಯಾಯಿತು. ಕೊಟ್ಟ ಸೀರೆಯನ್ನು ಮಾತ್ರ ಯಾರೂ ತಿರುಗಿ ಕೇಳಲಿಲ್ಲ, ಕೇಳಿದರೆ ಮುಟ್ಟಬೇಕಲ್ಲ.

ಮೇಣವನ್ನೆಲ್ಲ ಕೆರೆಸಿದರು. ಬಡಗಿಯ ಸುಣ್ಣದ ಮುದ್ದೆ ಮತ್ತೆ ಬಂತು, ಗಾಜು ಮತ್ತೆ ಸೋರತೊಡಗಿತು. ಈ ಸಲ ಯಾರಿಗೂ ತೊಂದರೆಯಾಗಲಿಲ್ಲ. ತುಂಗಭದ್ರೆಯ ನೀರು ತಾನೇ, ತಲೆಯ ಮೇಲೆ ಬಿದ್ದರೆ ಪುಣ್ಯ ಎಂದರು. ಮೊದಲೇ ಹೀಗೆ ಎನ್ನಲು ಇವರ ನಾಲಿಗೆಗೆ ಏನಾಗಿತ್ತೋ!

ಹರಿಗೋಲಿನವರು ಗಾಳೆಮ್ಮನನ್ನು ಬಿಡಲಿಲ್ಲ. ಅವರಿಗೆ ಕೊಬ್ಬಿನ ಚಿಂತೆಯಿಲ್ಲ. ನಿಜ ಏನೆಂದು ಅವರಿಗೆ ಗೊತ್ತೂ ಇತ್ತು. ಹುಣಸೆಮರದ ಆಚೆ ಕೂತು ಅವಳು ಕೆಲಸ ಮುಂದುವರಿಸಿದಳು. ತೊಂದರೆ ಬಂದದ್ದು ಲಾಂಚಿನಿಂದ. ಹೊಸದಾಗಿ ಬಂದವರೆಲ್ಲ ಚಕ್ರ ಹಿಡಿದವನನ್ನು ಆ ಕಥೆ ಕೇಳುತ್ತಿದ್ದರು. ಮೊದಮೊದಲು ಎರ್ರಿಯಪ್ಪ ತಲೆ ತಗ್ಗಿಸಿ, ನನ್ನ ಹೆಂಡತಿಯದು ತಪ್ಪಾಯಿತು ಎಂದಷ್ಟೇ ಹೇಳುತ್ತಿದ್ದ. ಕೇಳುವವರಿಗೆ ಅಷ್ಟು ಸಾಲದು. ಬರಬರುತ್ತ ತಾನು ಆ ದಿನ ಆನೆಗೊಂದಿಗೆ ಹೋಗಿದ್ದೆ ಎಂದು ಸೇರಿಸಿದ. ಆಮೇಲೆ ಮನೆಯಲ್ಲಿ ಕೊಬ್ಬಿನ ಗಡಿಗೆ ಕಂಡು ಅನುಮಾನ ಬಂದಿತ್ತು ಎಂದ. ಇನ್ನೊಂದು ವರ್ಷಕ್ಕೆ, ಗೊತ್ತಾದ ದಿನ ಅವಳನ್ನು ಹೊಡೆದೆ ಎಂಬುದೂ ಸೇರಿತು. ಜನ ತಲೆದೂಗುತ್ತಿದ್ದರು. ಇವನಿಗೂ ಹೇಳುವ ರುಚಿ ಹತ್ತಿತು.

ಗಾಳೆಮ್ಮನಿಗೆ ಇದೆಲ್ಲ ನೀರು ತರಲು ಬರುವ ಹೆಂಗಸರಿಂದ ತಿಳಿಯುತ್ತಿತ್ತು. ಅವನು ಹೇಳದೆ ವಿಧಿಯಿಲ್ಲ, ತಾನೇ ಒಪ್ಪಿಕೊಂಡು ಬಂದ ಮಾತಲ್ಲವೇ ಎಂದು ಅವಳು ಸುಮ್ಮನಿದ್ದಳು. ಸಂಜೆ ಅವನ ಭುಜಕ್ಕೆ ಎಣ್ಣೆ ತಿಕ್ಕುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಗಂಡ ಹೊಳೆಯ ಮೇಲಿದ್ದಾನೆ, ಉಣ್ಣುತ್ತಾನೆ, ನಗುತ್ತಾನೆ, ಅಷ್ಟು ಸಾಕಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದ. ರೊಟ್ಟಿ ಮುರಿದವನು ಬಾಯಿಗೆ ಹಾಕದೆ ಅವಳ ಮುಖ ನೋಡಿದ. ಸಿಟ್ಟಿನ ಧ್ವನಿಯೂ ಅಲ್ಲ, ತಮಾಷೆಯೂ ಅಲ್ಲ. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳುವವನಂತೆ ಕೇಳಿದ:

"ಅಲ್ಲ, ಆವತ್ತು ನನಗರ ಒಂದು ಮಾತು ಹೇಳಿ ಹಾಕಬಾರ್ದಾಗಿತ್ತೇನ?"

ಗಾಳೆಮ್ಮ ಅವನ ಊಟ ಮುಗಿಯುವ ತನಕ ಬಡಿಸಿದಳು. ಅವನು ಘಟ್ಟಕ್ಕೆ ಹೋದ ಮೇಲೆ ಪಾತ್ರೆ ತಿಕ್ಕಿ ಬೋರಲು ಹಾಕಿ, ರಾಳದ ಗಂಟು ಕಟ್ಟಿಕೊಂಡು ಕಂಪ್ಲಿಯ ದಾರಿ ಹಿಡಿದಳು. ಅಲ್ಲಿ ತಂಗಿ ಉಚ್ಚೆಂಗಮ್ಮನ ಮನೆಯ ಹಿಂದೆ ಒಂದು ಗುಡಿಸಲು ಹಾಕಿಕೊಂಡು, ಕಂಪ್ಲಿಯ ಹರಿಗೋಲುಗಳಿಗೆ ಮೇಣ ತುಂಬುತ್ತ ಇದ್ದುಬಿಟ್ಟಳು. ಯುದ್ಧ ಬಂದು ಯಂತ್ರಕ್ಕೆ ಎಣ್ಣೆ ಸಿಗದೆ ಲಾಂಚು ದಂಡೆಯಲ್ಲೇ ಕೊಳೆಯಿತು. ಎರ್ರಿಯಪ್ಪ ಒಂದು ಸಲ ಕರೆಯಲು ಬಂದಿದ್ದನಂತೆ. ಉಣ್ಣಲಿಕ್ಕೆ ಹಾಕಿ, ಭುಜಕ್ಕೆ ಎಣ್ಣೆ ತಿಕ್ಕಿ ಕಳಿಸಿದಳು.

ನಾನು ಕಂಪ್ಲಿಯಲ್ಲಿ ಅವಳನ್ನು ಕಂಡದ್ದು ಅವಳ ಕೊನೆಯ ವರ್ಷಗಳಲ್ಲಿ. ಅಷ್ಟು ವರ್ಷ ಆ ಸುಳ್ಳನ್ನು ಸಹಿಸಿಕೊಂಡವಳು ಒಂದು ಮಾತಿಗೆ ಮನೆ ಬಿಡಬಹುದೇ ಎಂದು ಕೇಳಿದೆ. ಹೊಗೆಸೊಪ್ಪು ಉಗುಳಿ ನನ್ನನ್ನು ನೋಡಿದಳು.

"ಸುಳ್ಳು ಹೇಳಿದ್ದರ ಇನ್ನೂ ಇರ್ತಿದ್ದೆ ಸ್ವಾಮೇರ. ಕೈಯಿಟ್ಟು ಹೂಂ ಅಂದಿದ್ದು ಮರತು, ಅವ ಖರೇನ ಕೇಳಿದ."